ಬಾತುಕೋಳಿಗೆ ಮೂರು ಸೆಕೆಂಡು

ನನ್ನ ಮಗಳನ್ನು ಮನೆಯಲ್ಲಿ ಎಲ್ಲರೂ ಪಿಟೀಲು ಅಂತಲೇ ಕರೆಯುತ್ತೇವೆ. ಏನಾದರೂ ಬೇಕು ಅನ್ನಿಸಿದರೆ ಅದು ಸಿಗುವ ತನಕ ಒಂದೇ ರಾಗದಲ್ಲಿ ಕುಯ್ಯುತ್ತಾಳೆ, ಅದಕ್ಕೆ. ಅವಳಿಗೆ ಆರು ತುಂಬಿದ ದಿನ ಅವಳ ಸೋದರಮಾವ, ಅಂದರೆ ನನ್ನ ಭಾವಮೈದುನ, ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮಿನ ಪೆಟ್ಟಿಗೆ ತಂದು ಅವಳ ಕೈಗಿಟ್ಟ. ಕೊಡುವ ಮುಂಚೆ ಅಪ್ಪ ಅಮ್ಮನನ್ನು ಒಂದು ಮಾತು ಕೇಳಬೇಕು ಎಂಬ ಬುದ್ಧಿ ಆ ಮನುಷ್ಯನಿಗೆ ಹುಟ್ಟಿನಿಂದಲೇ ಇಲ್ಲ. ಪಿಟೀಲು ಅದನ್ನು ತಬ್ಬಿಕೊಂಡು ನಿಂತಿದ್ದಳು. ನಾನು ಅವಳ ಬೆರಳು ಒಂದೊಂದಾಗಿ ಬಿಡಿಸಿ, ಪೆಟ್ಟಿಗೆಯನ್ನು ಬೀರುವಿನ ಮೇಲೆ ಇಟ್ಟೆ.

ಆಮೇಲೆ ಶುರುವಾಯಿತು ಪಂಚಾಯಿತಿ. ಪೆಟ್ಟಿಗೆಯ ಮೂಲೆಯಲ್ಲಿ ಏಳು ಎಂದು ದೊಡ್ಡದಾಗಿ ಅಚ್ಚಾಗಿತ್ತು, ಏಳು ವರ್ಷ ಆದವರಿಗೆ ಎಂದು. ಇವಳಿಗೆ ಆರು ಎಂದೆ. ಚಪ್ಪಲಿಯನ್ನೂ ಒಂದು ಸೈಜು ದೊಡ್ಡದೇ ತರ್ತೀವಲ್ಲ ಭಾವ ಎಂದು ಅವನು ನಕ್ಕ. ನನ್ನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅವಳದು ಲೆಕ್ಕಾಚಾರದ ಮಾತು: ದಿನಕ್ಕೆ ಅರ್ಧ ಗಂಟೆ, ಆರಡಿ ದೂರ, ದೀಪ ಉರಿಯುತ್ತಿರಬೇಕು, ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿರಬೇಕು. ಅಷ್ಟಿದ್ದರೆ ಆಡಲಿ ಬಿಡಿ ಎಂದಳು. ನಾನು ಒಪ್ಪಲಿಲ್ಲ. ಒಂದು ತಿಂಗಳು ಟೈಮು ಕೊಡಿ, ಯೋಚನೆ ಮಾಡಿ ನಾನೇ ಹೇಳುತ್ತೇನೆ ಎಂದೆ. ಯಜಮಾನನ ಗತ್ತಿನಲ್ಲಿ ಹಾಗೆ ಹೇಳಿದೆನಾದರೂ, ಯೋಚನೆ ಮಾಡುವುದಕ್ಕೆ ಏನೂ ಇರಲಿಲ್ಲ. ಬೇಡ ಎಂದು ಆಗಲೇ ತೀರ್ಮಾನಿಸಿ ಆಗಿತ್ತು.

ಅದಕ್ಕೆ ಕಾರಣವಿದೆ. ಹತ್ತೊಂಬತ್ತು ವರ್ಷದಿಂದ ನಾನು ಕ್ರೇನಿನವನು. ಸರಕಿನ ಯಾರ್ಡಿನಲ್ಲಿ ಒಂದೊಂದು ಕೋಣೆಯಷ್ಟು ದೊಡ್ಡ ಕಬ್ಬಿಣದ ಕಂಟೇನರುಗಳನ್ನು ಲಾರಿಯಿಂದ ಎತ್ತಿ ಸಾಲಿನಲ್ಲಿ ಪೇರಿಸುವ ಕೆಲಸ. ಎತ್ತರದ ಗಾಜಿನ ಗೂಡಿನಲ್ಲಿ ಕೂತು, ಕಾಲಡಿಯ ಗಾಜಿನೊಳಗಿಂದ ಕೆಳಗೆ ಬಗ್ಗಿ ನೋಡಿ ನೋಡಿ ನನ್ನ ಕತ್ತು ಮುಂದಕ್ಕೆ ಬಾಗಿ ಹಾಗೇ ನಿಂತುಬಿಟ್ಟಿದೆ. ಕೆಳಗೆ ಮನುಷ್ಯರು ಓಡಾಡುತ್ತಿರುತ್ತಾರೆ. ಮೇಲಿನಿಂದ ಬಿದ್ದದ್ದು ಬಿದ್ದದ್ದೇ, ಅದಕ್ಕೆ ಎರಡನೇ ಮಾತಿಲ್ಲ. ಆಟದಲ್ಲಿ ಹಾಗಲ್ಲ. ಬಿದ್ದವನು ಮೈ ಕೊಡವಿಕೊಂಡು ಏಳುತ್ತಾನೆ, ಸತ್ತವನಿಗೆ ಇನ್ನೂ ಎರಡು ಜೀವ ಬಾಕಿ ಇರುತ್ತದೆ. ಇದನ್ನು ಆರು ವರ್ಷದ ತಲೆಗೆ ತುಂಬಿದರೆ ಮುಂದೆ ಗತಿಯೇನು ಎಂದು ಊಟದ ಹೊತ್ತಿನಲ್ಲಿ ನಾನು ಭಾಷಣ ಬಿಗಿದೆ. ಪಿಟೀಲು ತಟ್ಟೆ ನೋಡುತ್ತಾ ಕೂತಿದ್ದಳು. ಹೆಂಡತಿ ಮಾತ್ರ, ನಿಮ್ಮ ಸಿಡಿಮಿಡಿ ಆಟದ ಪೆಟ್ಟಿಗೆ ಮೇಲೋ ಯಾರ್ಡಿನ ಮೇಲೋ ಎಂದು ಕೇಳಿದಳು.

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಯಾರ್ಡಿನಲ್ಲಿ ನನ್ನನ್ನು ಗೂಡಿನಿಂದ ಇಳಿಸಿಬಿಟ್ಟಿದ್ದರು. ಇನ್ನು ಮೇಲೆ ಯಾರೂ ಮೇಲೆ ಹತ್ತುವುದು ಬೇಡ, ಕಚೇರಿಯ ಕೋಣೆಯಲ್ಲಿ ಕೂತು ಪರದೆ ನೋಡಿಕೊಂಡು, ಎರಡು ಪುಟ್ಟ ಹಿಡಿಗಳಿಂದ ಅದೇ ಕ್ರೇನನ್ನು ಓಡಿಸಬೇಕು ಎಂದು ಹೊಸ ಏರ್ಪಾಡು. ಆರು ವಾರದ ಪರೀಕ್ಷೆ. ಗಂಟೆಗೆ ಇಪ್ಪತ್ತು ಕಂಟೇನರು ಎತ್ತಿ ಇಟ್ಟವನು ಕೋಣೆಯಲ್ಲಿ ಉಳಿಯುತ್ತಾನೆ, ಉಳಿದವರು ಗೇಟಿನಲ್ಲಿ ಲಾರಿ ನಂಬರು ಬರೆದುಕೊಳ್ಳಬೇಕು. ಮೊದಲ ವಾರ ನನ್ನದು ಹನ್ನೊಂದು. ಮೇಲಿದ್ದಾಗ ಕಂಟೇನರು ಜೋಲಿ ಹೊಡೆದರೆ ಮೊದಲು ಗೊತ್ತಾಗುತ್ತಿದ್ದದ್ದು ಕೂತ ಕುಂಡಿಗೆ, ಆಮೇಲೆ ಕಣ್ಣಿಗೆ. ಇಲ್ಲಿ ಕುರ್ಚಿ ಅಲ್ಲಾಡುವುದಿಲ್ಲ. ಗಾಳಿಯೂ ಇಲ್ಲ, ಸದ್ದೂ ಇಲ್ಲ. ಕಲಿಸುವ ಮೇಡಂಗೆ ನನ್ನ ಅರ್ಧ ವಯಸ್ಸು. ಅವಳು ತುಂಬಾ ಮರ್ಯಾದೆಯಿಂದ, ನೀವು ಚಿಕ್ಕವರಿದ್ದಾಗ ವಿಡಿಯೋ ಗೇಮ್ ಆಡಿದವರಲ್ಲ ಅಲ್ವಾ ಅಂಕಲ್, ಆಡಿದವರ ಕೈ ಬೇಗ ಕೂರುತ್ತೆ ಎಂದಳು. ಪಕ್ಕದ ಮೇಜಿನಲ್ಲಿ ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗದವರು ಇಪ್ಪತ್ನಾಲ್ಕು ಎತ್ತುತ್ತಿದ್ದರು.

ಆ ವಾರ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬೆಳಗಿನ ಪಾಳಿ ಮುಗಿಸಿ ಎರಡು ಗಂಟೆಗೆ ಮನೆಗೆ ಬಂದರೆ ಹೆಂಡತಿ ಅಂಗಡಿಯಲ್ಲಿ, ಪಿಟೀಲು ಶಾಲೆಯಲ್ಲಿ. ಖಾಲಿ ಮನೆಯಲ್ಲಿ ಅಡುಗೆಮನೆಗೂ ಹಜಾರಕ್ಕೂ ಓಡಾಡಿದೆ. ನಲ್ಲಿ ಬಿಗಿ ಮಾಡಿದೆ, ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟೆ. ಕೊನೆಗೆ ಸ್ಟೂಲು ಎಳೆದುಕೊಂಡು ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸಿದೆ. ಹೇಳೋದು ಶಾಸ್ತ್ರ, ಹಾಕೋದು ಗಾಳ ಅಂತಾರಲ್ಲ, ಅದು ನಾನೇ.

ಆಟ ಇಷ್ಟೇ. ಒಂದು ಪುಟ್ಟ ಊರು, ಅದರಲ್ಲಿ ಒಂದು ಸಾಮಾನಿನ ಗಾಡಿ. ಅಂಗಡಿಯಿಂದ ಅಂಗಡಿಗೆ ಸಾಮಾನು ಮುಟ್ಟಿಸಬೇಕು, ಮೂಲೆಯಲ್ಲಿ ಗಡಿಯಾರ ಓಡುತ್ತಿರುತ್ತದೆ. ದಾರಿಗೆ ಅಡ್ಡ ಬಾತುಕೋಳಿಗಳು ಬರುತ್ತವೆ, ಅದೂ ಸಂಸಾರ ಸಮೇತ. ನಿಲ್ಲಿಸಿದರೆ ಅವು ಕುಂಡಿ ಅಲ್ಲಾಡಿಸುತ್ತಾ ದಾಟುವುದಕ್ಕೆ ಮೂರು ಸೆಕೆಂಡು. ನಿಲ್ಲಿಸದೆ ಹೋದರೆ ಬಾತುಕೋಳಿ ಪಚಕ್ ಎಂದು ಚಪ್ಪಟೆಯಾಗಿ, ಮೇಲೆ ಹಾರಿ, ನಕ್ಷತ್ರ ಉದುರಿಸಿ, ಮತ್ತೆ ಮೊದಲಿನಂತಾಗುತ್ತದೆ. ಅದಕ್ಕೆ ಕಳೆಯುವುದು ಒಂದೇ ಸೆಕೆಂಡು. ಮೊದಲ ದಿನ ನಾನು ಎಲ್ಲ ಬಾತುಕೋಳಿಗೂ ನಿಲ್ಲಿಸಿದೆ. ಮೂರನೇ ದಿನ ಲೆಕ್ಕ ಅರ್ಥವಾಯಿತು. ಆಮೇಲೆ ನಿಲ್ಲಿಸಲಿಲ್ಲ.

ಯಾರ್ಡಿನಲ್ಲಿ ನನ್ನ ಹನ್ನೊಂದು ಹದಿನಾಲ್ಕಾಯಿತು, ನಾಲ್ಕನೇ ವಾರಕ್ಕೆ ಹದಿನೆಂಟು. ಮೇಡಂ ನನ್ನ ಬೆನ್ನು ತಟ್ಟುವುದೊಂದು ಬಾಕಿ. ಮನೆಯಲ್ಲಿ ಮಾತ್ರ ಕಳ್ಳನ ಮನಸ್ಸು ಹುಳ್ಳುಳ್ಳಗೆ. ದಿನಾ ನಾಲ್ಕಕ್ಕೆ ಸರಿಯಾಗಿ ವೈರು ಸುತ್ತಿ, ಪೆಟ್ಟಿಗೆ ಮೇಲಿಟ್ಟು, ಸ್ಟೂಲನ್ನು ಅದರ ಜಾಗಕ್ಕೆ ತಳ್ಳಿ, ಪಿಟೀಲನ್ನು ಕರೆತರಲು ಹೋಗುತ್ತಿದ್ದೆ. ಅಪ್ಪ, ತಿಂಗಳು ಆಯ್ತಾ ಎಂದು ದಾರಿಯುದ್ದಕ್ಕೂ ಅವಳು ಕುಯ್ಯುತ್ತಿದ್ದಳು. ನಾನು ಮುಖ ಗಂಟಿಕ್ಕಿಕೊಂಡು, ಇನ್ನೂ ಯೋಚನೆ ಮಾಡ್ತಾ ಇದ್ದೀನಿ ಎನ್ನುತ್ತಿದ್ದೆ.

ಐದನೇ ವಾರ ಒಂದು ದಿನ ಶಾಲೆ ಬೇಗ ಬಿಟ್ಟಿತು. ಪಕ್ಕದ ಮನೆಯವರು ಅವಳನ್ನು ಕರೆತಂದು ಬಾಗಿಲಿಗೆ ಬಿಟ್ಟು ಹೋಗಿದ್ದರು. ನಾನು ಕಾಲು ಚಾಚಿಕೊಂಡು, ನಾಲಿಗೆ ಕಚ್ಚಿಕೊಂಡು ಗಾಡಿ ಓಡಿಸುತ್ತಿದ್ದೆ. ತಿರುಗಿ ನೋಡಿದರೆ ಪಿಟೀಲು ಬ್ಯಾಗು ಹೊತ್ತುಕೊಂಡೇ ನಿಂತಿದ್ದಾಳೆ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಅವಳು ಸುಮ್ಮನೆ ಬ್ಯಾಗಿಳಿಸಿ ನನ್ನ ಪಕ್ಕ ಕೂತು ಕೈ ಚಾಚಿದಳು. ನಾನು ಆಟದ ರಿಮೋಟು ಕೊಟ್ಟೆ. ನಿನಗೆ ಇದು ಸರಿಹೋಗುತ್ತೋ ಇಲ್ಲವೋ ಅಂತ ಪರೀಕ್ಷೆ ಮಾಡ್ತೀನಿ ಎಂದು ಮಾನ ಉಳಿಸಿಕೊಳ್ಳಲು ಒಂದು ಮಾತು ಸೇರಿಸಿದೆ.

ಪಿಟೀಲು ಗಾಡಿ ಓಡಿಸಿದ ಚಂದವೇ ಚಂದ. ಗೋಡೆಗೆ ಗುದ್ದಿದಳು, ಕಾರಂಜಿಯೊಳಗೆ ಇಳಿಸಿದಳು. ಬಾತುಕೋಳಿ ಬಂದಾಗ ಮಾತ್ರ ಎಷ್ಟೋ ದೂರದಲ್ಲೇ ನಿಲ್ಲಿಸಿದಳು. ಅವೆಲ್ಲ ದಾಟಿದ ಮೇಲೂ, ಹಿಂದೆ ಉಳಿದದ್ದು ಇನ್ನೊಂದು ಇರಬಹುದು ಎಂದು ಕಾದಳು. ಎರಡನೆಯ ಸಲವೂ ಹಾಗೇ, ಮೂರನೆಯ ಸಲವೂ ಹಾಗೇ. ಗಡಿಯಾರ ಖಾಲಿಯಾಯಿತು, ಅರ್ಧ ದಾರಿಯಲ್ಲೇ ಆಟ ಮುಗಿಯಿತು. ಅವಳು ಖುಷಿಯಾಗಿ ಮತ್ತೆ ಶುರುಮಾಡಿದಳು. ನನ್ನ ಕಾಲು ತಂತಾನೇ ಅಲ್ಲಾಡುತ್ತಿತ್ತು. ಮೈಮೇಲೆ ಇರುವೆ ಹರಿದ ಹಾಗೆ ಆಗುತ್ತಿತ್ತು. ನಾಲ್ಕನೆಯ ಬಾತುಕೋಳಿ ಹೊತ್ತಿಗೆ ತಡೆಯಲಾಗಲಿಲ್ಲ.

"ಹೋಗ್ತಾ ಇರು, ನಿಲ್ಲಿಸಬೇಡ," ಎಂದೆ. "ಅದಕ್ಕೇನೂ ಆಗಲ್ಲ. ಮತ್ತೆ ಎದ್ದು ನಿಲ್ಲುತ್ತೆ, ನೋಡು ಇಲ್ಲಿ."

ಅವಳ ಕೈಯಿಂದ ರಿಮೋಟು ಕಿತ್ತುಕೊಂಡು, ಸಾಲಾಗಿ ಐದು ಬಾತುಕೋಳಿಯ ಮೇಲೆ ಗಾಡಿ ಹರಿಸಿ ತೋರಿಸಿದೆ. ಪಚಕ್ ಪಚಕ್ ಎಂದು ಐದೂ ಹಾರಿದವು. ಅವಳು ನಗುತ್ತಾಳೆ ಅಂದುಕೊಂಡಿದ್ದೆ.

"ನೀನು ಬರ್ತಿದ್ದೀಯ ಅಂತ ಅದಕ್ಕೆ ಗೊತ್ತೇ ಇರಲಿಲ್ಲ, ಅಪ್ಪ," ಎಂದಳು. ಆಮೇಲೆ ಎದ್ದು ಬಣ್ಣದ ಪೆನ್ಸಿಲು ಹುಡುಕಲು ಹೋದಳು.

ಹೆಂಡತಿಗೆ ಸಂಜೆಗೇ ವಿಷಯ ಗೊತ್ತಾಯಿತು. ಪಿಟೀಲಿನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದುಂಟೇ. ಹೆಂಡತಿ ಜಗಳವಾಡಲಿಲ್ಲ. ಮಗು ಹೇಗೆ ಆಡಿದಳು ಎಂದಷ್ಟೇ ಕೇಳಿದಳು. ತುಂಬಾ ನಿಧಾನ, ಈ ಆಟಕ್ಕೆ ಇನ್ನೂ ಚಿಕ್ಕವಳು ಎಂದೆ. ನನ್ನ ಮಾತು ನನಗೇ ಸರಿಬರಲಿಲ್ಲ, ಆದರೂ ಹಾಗೆಂದು ಒಪ್ಪಿಕೊಳ್ಳುವ ಮನಸ್ಸಾಗಲಿಲ್ಲ.

ಪರೀಕ್ಷೆಯ ಕೊನೆಯ ದಿನ ಮೊದಲ ಗಂಟೆಯಲ್ಲಿ ನನ್ನದು ಇಪ್ಪತ್ತೊಂದು. ಎರಡನೆಯ ಗಂಟೆಗೆ ಕೈ ಇನ್ನೂ ಚುರುಕಾಯಿತು. ಒಂದು ಕಂಟೇನರನ್ನು ಎರಡನೇ ಸಾಲಿಗೆ ಇಳಿಸುತ್ತಿದ್ದೆ. ಆಗ ಪರದೆಯ ಕೆಳಮೂಲೆಯಲ್ಲಿ ಹಳದಿ ಚುಕ್ಕೆಯೊಂದು ಸಾಲಿನೊಳಗೆ ಬಂತು. ಹೆಲ್ಮೆಟ್ಟು. ಸಿಳ್ಳೆಯಣ್ಣ. ಹತ್ತೊಂಬತ್ತು ವರ್ಷ ನಾನು ಮೇಲೆ, ಅವನು ಕೆಳಗೆ. ಸಿಳ್ಳೆ ಹಾಕಿ, ಕೈಸನ್ನೆ ಮಾಡಿ ನನಗೆ ಎತ್ತು, ಇಳಿಸು, ತಡಿ ಎಂದು ಹೇಳುತ್ತಿದ್ದವನು. ಈಗ ಅವನ ಸನ್ನೆ ಯಾರಿಗೂ ಬೇಕಿಲ್ಲ. ಸಾಲಿನಲ್ಲಿ ಕಂಟೇನರಿನ ಕೊಂಡಿ ಎಲ್ಲಾದರೂ ಸಿಕ್ಕಿಕೊಂಡರೆ ಹೋಗಿ ಬಿಡಿಸುವುದು ಅವನ ಕೆಲಸ.

ಚುಕ್ಕೆ ಕಂಡಿತು. ಸಿಳ್ಳೆಯಣ್ಣ ಅಂತಲೂ ಗೊತ್ತಾಯಿತು. ಗೊತ್ತಾದ ಮೇಲೆ ನನ್ನ ತಲೆಯಲ್ಲಿ ಬಂದದ್ದು ಒಂದೇ ಮಾತು: ನಿಲ್ಲಿಸಿದರೆ ಮೂರು ಸೆಕೆಂಡು ಹೋಗುತ್ತೆ.

ಕೈ ನಿಂತಿತು. ಆದರೆ ಆ ಮಾತು ಬಂದು ಹೋದ ಮೇಲೆ ನಿಂತಿತು. ಕಂಟೇನರು ಅವನ ತಲೆಯ ಮೇಲೆ ಎರಡಾಳು ಎತ್ತರದಲ್ಲಿ ತೂಗುತ್ತಿತ್ತು. ಅವನು ಮೇಲೆ ನೋಡಲೇ ಇಲ್ಲ. ಬಗ್ಗಿ ಕೊಂಡಿ ಬಿಡಿಸಿ, ಪ್ಯಾಂಟಿಗೆ ಕೈ ಒರೆಸಿಕೊಂಡು ಹೊರಗೆ ಹೋದ. ಪರದೆಯಲ್ಲಿ ಒಂದಿಷ್ಟೂ ಸದ್ದಾಗಲಿಲ್ಲ. ಪಕ್ಕದ ಮೇಜಿನವರು ತಮ್ಮ ಪಾಡಿಗೆ ಎತ್ತುತ್ತಾ ಇಳಿಸುತ್ತಾ ಇದ್ದರು. ನಾನೂ ಆ ಕಂಟೇನರನ್ನು ಇಳಿಸಿ ಮುಂದಿನದಕ್ಕೆ ಕೈ ಹಾಕಿದೆ.

ಮೇಡಂ ಬಂದು ಇಪ್ಪತ್ಮೂರು ಅಂಕಲ್, ಪಾಸು ಎಂದಳು. ನಾನು ಸಿಳ್ಳೆಯಣ್ಣ ಸಾಲಿನೊಳಗೆ ಬಂದಾಗಿನ ರೆಕಾರ್ಡು ಹಾಕಿ ನೋಡಿ ಎಂದೆ. ಅವಳು ಹಾಕಿದಳು, ಎರಡು ಸಲ ನೋಡಿದಳು. ಅವನು ಕಂಡದ್ದಕ್ಕೂ ನನ್ನ ಕೈ ನಿಂತದ್ದಕ್ಕೂ ನಡುವೆ ಒಂದೂವರೆ ಸೆಕೆಂಡು. ಇದು ಮಿತಿಯೊಳಗೇ ಇದೆ, ತಲೆ ಕೆಡಿಸಿಕೊಳ್ಳಬೇಡಿ ಎಂದು ಅವಳು ಒಳ್ಳೆಯ ಮಾತಿನಲ್ಲೇ ಹೇಳಿದಳು. ಗಾಜಿನ ಗೂಡಿನಲ್ಲಿದ್ದಾಗ ಲೆಕ್ಕವೇ ಇರಲಿಲ್ಲ, ಕೈ ಮೊದಲು ನಿಲ್ಲುತ್ತಿತ್ತು, ಯೋಚನೆ ಆಮೇಲೆ ಎಂದು ಅವಳಿಗೆ ಹೇಗೆ ಹೇಳುವುದು. ಹೇಳಿದರೂ ಆ ಕೋಣೆಯಲ್ಲಿ ಕೂತವರಿಗೆ ಅದು ಮುದುಕನ ಗೊಣಗಾಟವಾಗಿ ಕೇಳುತ್ತಿತ್ತು.

ಪಾಳಿ ಮುಗಿದದ್ದೇ ಯಾರ್ಡಿಗೆ ಇಳಿದೆ. ಸಿಳ್ಳೆಯಣ್ಣ ನೆರಳಿನಲ್ಲಿ ಕೂತು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದ. ಪಕ್ಕದಲ್ಲಿ ಕೂತು ನಡೆದದ್ದನ್ನು ಹೇಳಿದೆ. ಬಾತುಕೋಳಿಯನ್ನೂ ಬಿಡದೆ ಹೇಳಿದೆ. ನಗಲಿ, ಇಲ್ಲ ಕಪಾಳಕ್ಕೆ ಬಾರಿಸಲಿ ಎಂದು ಕಾದೆ. ಅವನು ತುತ್ತು ಅಗಿದು ನುಂಗಿ, ನೀರು ಕುಡಿದು, ಡಬ್ಬಿ ಮುಚ್ಚಿದ.

"ಇವತ್ತು ಮಿಷಿನ್ ಮೇಲೆ ನೀನು ಅಂತ ಗೊತ್ತಿತ್ತು ಕಣೋ," ಎಂದ. "ಅದಕ್ಕೇ ನಾನು ತಲೆ ಎತ್ತಿ ನೋಡಲಿಲ್ಲ."

ಮನೆಗೆ ಬಂದಾಗ ಸಂಜೆಯಾಗಿತ್ತು. ಬಸ್ಸು ಹತ್ತದೆ ನಡೆದುಕೊಂಡೇ ಬಂದಿದ್ದೆ, ಪಿಟೀಲನ್ನು ಶಾಲೆಯಿಂದ ಪಕ್ಕದ ಮನೆಯವರೇ ಕರೆತಂದಿದ್ದರು. ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಪಾಸಾದೆ ಎಂಬುದನ್ನು ಕೊನೆಗೆ ಹೇಳಿದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ತಿಂಗಳು ಕಳೆದು ಎಷ್ಟೋ ದಿನವಾಯಿತು, ಮಗುವಿಗೆ ಏನು ಹೇಳೋಣ ಎಂದು ಮೆಲ್ಲಗೆ ಕೇಳಿದಳು.

ನಾನು ಸ್ಟೂಲು ಹತ್ತಿ ಪೆಟ್ಟಿಗೆ ಇಳಿಸಿ ಪಿಟೀಲಿನ ಮುಂದಿಟ್ಟೆ. ಅಮ್ಮ ಹೇಳಿದ ಹಾಗೆ ಅರ್ಧ ಗಂಟೆ, ಆರಡಿ ದೂರ, ದೀಪ ಆರಿಸಬಾರದು ಎಂದೆ.

"ಪಕ್ಕದಲ್ಲಿ ನಾನು ಕೂತಿರ್ತೀನಿ. ನಾನು ಕೇಳಿದ್ರೂ ನನ್ನ ಕೈಗೆ ಕೊಡಬೇಡ. ಇದು ನನಗೆ ಸರಿಹೋಗಲ್ಲ ಪುಟ್ಟಾ."

ಅವಳು ದೊಡ್ಡವರ ಹಾಗೆ ತಲೆಯಾಡಿಸಿ, ರಿಮೋಟನ್ನು ನನ್ನಿಂದ ಆಚೆ ಕಡೆಯ ತೊಡೆಯ ಮೇಲಕ್ಕೆ ಸರಿಸಿಕೊಂಡಳು. ಗಾಡಿ ಹೊರಟಿತು. ಕಾರಂಜಿಗೆ ಗುದ್ದಿತು, ಹಿಂದೆ ಬಂತು, ಮತ್ತೆ ಹೊರಟಿತು. ಬಾತುಕೋಳಿಗಳು ಬಂದವು. ಪಿಟೀಲು ದೂರದಲ್ಲೇ ನಿಲ್ಲಿಸಿದಳು. ಒಂದು ದಾಟಿತು, ಎರಡು ದಾಟಿದವು, ಕೊನೆಯ ಮರಿ ನಡುದಾರಿಯಲ್ಲಿ ನಿಂತು ಅತ್ತ ಇತ್ತ ನೋಡಿತು. ಮೂಲೆಯ ಗಡಿಯಾರ ಓಡುತ್ತಿತ್ತು. ಅಷ್ಟೆಲ್ಲ ಆದ ಮೇಲೂ, ಅದೇ ದಿನ, ಹೋಗು ಎಂಬ ಮಾತು ನನ್ನ ಗಂಟಲ ತನಕ ಬಂತು. ಹಲ್ಲು ಕಚ್ಚಿಕೊಂಡು ಕೂತೆ.