ಬೋನು ಬಿಚ್ಚುವ ಕೈ

ಆರ್ವಿಡ್ ನೈಗ್ರೆನ್‌ಗೆ ನಾಯಿಗಳ ಮೇಲೆ ಯಾವತ್ತೂ ಸಿಟ್ಟಿರಲಿಲ್ಲ. ಕೆಲಸವಿಲ್ಲದೆ ಅಲೆಯುವ ನಾಯಿಗಳ ಮೇಲೆ ಮಾತ್ರ ಇತ್ತು. ಅವನ ಕಾಲದಲ್ಲಿ ಹಾರ್ಲನ್ ಹಳ್ಳದ ದಂಡೆಯಲ್ಲಿ ಪ್ರತಿ ಮನೆಯ ಹಿಂದೆಯೂ ಎಂಟು ಹತ್ತು ನಾಯಿಗಳು. ಒಂದೋ ಗೂಟದಲ್ಲಿರುತ್ತಿದ್ದವು, ಇಲ್ಲವೇ ಜಾರುಬಂಡಿ ಎಳೆಯುತ್ತಿರುತ್ತಿದ್ದವು. ಬೆಳಿಗ್ಗೆ ಒಣಗಿದ ಸಾಲ್ಮನ್ ಮೀನು ಎಸೆಯುವ ಹೊತ್ತಿಗೆ ಅವೆಲ್ಲ ಒಟ್ಟಿಗೆ ಊಳಿಟ್ಟರೆ, ಅಲಾಸ್ಕಾದ ಆ ಕೊರೆಯುವ ಚಳಿಯಲ್ಲೂ ಊರಿಗೆ ಊರೇ ಹಾಸಿಗೆ ಬಿಟ್ಟು ಏಳುತ್ತಿತ್ತು. ಈಗಿನವು ಸೋಫಾದ ಮೇಲೆ ಮಲಗುತ್ತವೆ, ಸ್ವೆಟರ್ ತೊಡುತ್ತವೆ, ಹೆಸರು ಕರೆದರೆ ಕೇಳಿಸಿಕೊಳ್ಳದವರ ಹಾಗೆ ಕಾಡಿನೊಳಕ್ಕೆ ಓಡುತ್ತವೆ. ಇವಕ್ಕೆ ನಾಯಿ ಅನ್ನುವ ಹೆಸರು ಬೇರೆ ಕೇಡು ಎಂದು ಆರ್ವಿಡ್ ಅಂಗಡಿಯಲ್ಲಿ ಕಾಫಿ ಕುಡಿಯುತ್ತಾ ಹೇಳುತ್ತಿದ್ದ.

ಊರಿನ ಉತ್ತರಕ್ಕೆ ಹೋಗುವ ಕಾಲುದಾರಿಯನ್ನು ಕಡಿದದ್ದು ಅವನೂ ಅವನ ಹೆಂಡತಿ ಮೇವಿಸ್ಸೂ. ಎಪ್ಪತ್ತನಾಲ್ಕನೇ ಇಸವಿಯಲ್ಲಿ, ಮದುವೆಯಾದ ಹೊಸತರಲ್ಲಿ, ಇಬ್ಬರ ಕೈಯಲ್ಲೂ ಒಂದೊಂದು ಕೊಡಲಿ, ಎರಡು ಚಳಿಗಾಲದ ಕೆಲಸ. ತಿರುವುಗಳಿಗೆ ಹೆಸರಿಟ್ಟವಳು ಅವಳೇ. ಮೊದಲು ಕೂತು ಟೀ ಕುಡಿದದ್ದು ಟೀ ತಿರುವು. ಮೊದಲ ಸಲ ಮಾತು ಬಿಟ್ಟದ್ದು ಜಗಳದ ತಿರುವು. ಆ ದಾರಿಯಲ್ಲಿ ಗಂಡನ ಬೋನುಗಳಿಗೆ ಬಿದ್ದ ಮುಂಗುಸಿಯಂಥ ಮಾರ್ಟನ್, ನರಿ, ಲಿಂಕ್ಸ್ ಎಂಬ ಕಾಡುಬೆಕ್ಕುಗಳ ತುಪ್ಪಳದಿಂದ ಅವಳು ಹೊಲಿದ ಟೊಪ್ಪಿಗೆ ಹಾಕಿಕೊಂಡೇ ಊರಿನ ಅರ್ಧ ಮಕ್ಕಳು ಶಾಲೆಗೆ ಹೋದದ್ದು. ಒಮ್ಮೆ ಅವಳ ಮುಂದಾಳು ನಾಯಿ ಸಾರಲ್, ಕೊರಳಿನ ಕೊಂಡಿ ಕಳಚಿಕೊಂಡು ಹೋಗಿ, ಆರ್ವಿಡ್‌ನ ಕಾಲು ಕಚ್ಚಿ ಹಿಡಿಯುವ ನರಿ ಬೋನಿಗೇ ಕಾಲು ಕೊಟ್ಟಿತು. ನಾಯಿಗೆ ಏನೂ ಆಗಲಿಲ್ಲ. ಆದರೆ ಮೇವಿಸ್ ಹನ್ನೊಂದು ದಿನ ಗಂಡನ ಜೊತೆ ಮಾತಾಡಲಿಲ್ಲ. ಹನ್ನೆರಡನೆಯ ದಿನ ಸೂಪಿನ ಬಟ್ಟಲನ್ನು ಅವನ ಮುಂದೆ ಕುಕ್ಕಿ, ಉಪ್ಪು ಸಾಕಾ ಎಂದು ಕೇಳಿದಳು. ಅವಳು ತೀರಿಹೋಗಿ ಆರು ವರ್ಷವಾದರೂ ಆ ಪ್ರಶ್ನೆ ನೆನೆದರೆ ಅವನಿಗೆ ನಗು ಬರುತ್ತಿತ್ತು, ಆಮೇಲೆ ಎದೆ ಭಾರವಾಗುತ್ತಿತ್ತು.

ಈಗ ಆ ದಾರಿಯಲ್ಲಿ ಸ್ಕೀ ಕಟ್ಟಿದವರು, ನಾಯಿ ಸುತ್ತಾಡಿಸುವವರು. ದಾರಿಯ ಮೊದಲ ಆರು ಮೈಲಿಯ ಎರಡೂ ಪಕ್ಕ ಕಾಲು ಮೈಲಿಯೊಳಗೆ ಯಾರೂ ಬೋನು ಹಾಕಕೂಡದು ಎಂದು ಅರ್ಜಿ ಎದ್ದಿತ್ತು. ಭಾನುವಾರ ಮಧ್ಯಾಹ್ನ ಊರ ಸಭೆ. ಸಭೆ ಏನು ಹೇಳುತ್ತದೋ ಮೇಲಿನ ಅಧಿಕಾರಿಗಳು ಅದನ್ನೇ ಒಪ್ಪುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಹಿಮದ ಮೇಲೆ ಓಡುವ ಸ್ನೋಮೊಬೈಲಿನಲ್ಲೂ ಆರು ಮೈಲಿಯಿಂದಾಚೆ ಹೋಗಲು ಆರ್ವಿಡ್‌ನ ಮಂಡಿ ಒಪ್ಪುತ್ತಿರಲಿಲ್ಲ. ದಾರಿಯಿಂದ ಕಾಲು ಮೈಲಿ ಒಳಗೆ ಸೊಂಟದುದ್ದ ಹಿಮ ತುಳಿಯುವುದಂತೂ ದೂರದ ಮಾತು. ಅಂದರೆ ನಿಯಮ ಬಂದರೆ ಅವನ ಬೋನುಗಾರಿಕೆ ಮುಗಿಯಿತು. ಮೇವಿಸ್‌ಳ ದಾರಿಯಲ್ಲಿ ಓಡಾಡಲು ಅವನಿಗಿದ್ದ ಕಾರಣವೂ ಮುಗಿಯಿತು. ಹಳೆಯ ಜೊತೆಗಾರ ಡೆಲ್ಬರ್ಟ್ ಬಂದು, ಸಭೆಯಲ್ಲಿ ನೀನು ಎದ್ದು ನಿಂತರೆ ಸಾಕು, ಊರು ನಿನ್ನ ಮಾತು ಮೀರುವುದಿಲ್ಲ ಎಂದು ಹೇಳಿ ಹೋಗಿದ್ದ.

ಶನಿವಾರ ಬೆಳಿಗ್ಗೆ ಆರ್ವಿಡ್ ಬೋನು ನೋಡಲು ಹೊರಟ. ಜಗಳದ ತಿರುವಿನ ಹತ್ತಿರ ಮರ ಅಡ್ಡ ಬಿದ್ದಿತ್ತು. ಸ್ನೋಮೊಬೈಲನ್ನು ಅಲ್ಲೇ ನಿಲ್ಲಿಸಿ ನಡೆದ. ಉದ್ದ ಹಿಡಿಯ ಇಕ್ಕಳ ಅದರ ಹಿಂದೆ ಕಟ್ಟಿದ್ದ ಜಾರುಬಂಡಿಯಲ್ಲೇ ಉಳಿಯಿತು. ಕತ್ತು ಹಿಸುಕುವ ದೊಡ್ಡ ಬೋನಿನ ಸ್ಪ್ರಿಂಗುಗಳನ್ನು ಅದುಮಲು ಅವನ ಕೈಗೀಗ ಆ ಇಕ್ಕಳ ಬೇಕೇ ಬೇಕು. ನಾಲ್ಕೈದು ವರ್ಷಗಳಿಂದ ಅವನು ಬೋನು ಹೂಡುತ್ತಿದ್ದದ್ದು ಅದರಿಂದಲೇ. ಹೋಗಿ ಬರೋದಷ್ಟೇ ತಾನೇ ಎಂದುಕೊಂಡ. ಐವತ್ತು ವರ್ಷ ಈ ಕೆಲಸ ಮಾಡಿದವನು ಮಾಡುವ ತಪ್ಪಲ್ಲ ಅದು. ಆದರೂ ಮಾಡಿದ.

ಅರ್ಧ ಮೈಲಿ ನಡೆಯುವಷ್ಟರಲ್ಲಿ ಹೆಂಗಸಿನ ಕೂಗು ಕೇಳಿಸಿತು. ಆಸ್ಪತ್ರೆಯ ನರ್ಸ್ ಕೊರಿನ್. ಅರ್ಜಿ ಬರೆದವಳೇ ಅವಳು. ದಾರಿಯಿಂದ ಇಪ್ಪತ್ತು ಹೆಜ್ಜೆ ಒಳಗೆ ಆರ್ವಿಡ್ ಬೋನು ಹೂಡಿಟ್ಟಿದ್ದ ಮರದ ಪೆಟ್ಟಿಗೆಯ ಮುಂದೆ ಮಂಡಿಯೂರಿದ್ದಳು. ಅವಳ ಕಂದು ನಾಯಿ ಬಿಸ್ಕಿಟ್, ಲಿಂಕ್ಸಿಗೆಂದು ಇಟ್ಟ ಬೀವರ್ ಮಾಂಸದ ವಾಸನೆಗೆ ತಲೆ ಹಾಕಿ ಸಿಕ್ಕಿಬಿದ್ದಿತ್ತು. ಕತ್ತಿನ ಜೊತೆ ಮುಂಗಾಲೂ ಕಬ್ಬಿಣದ ಚೌಕಟ್ಟಿನೊಳಗೆ ಸೇರಿದ್ದರಿಂದ ಇನ್ನೂ ಒಂಚೂರು ಉಸಿರಿತ್ತು, ಅಷ್ಟೆ.

ಆರ್ವಿಡ್ ಕೈಗವಸು ಕಿತ್ತೆಸೆದು ಸ್ಪ್ರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಅದುಮಿದ. ಅದು ಒಂದು ಬೆರಳಗಲ ಬಗ್ಗಿ ಹಿಂದಕ್ಕೆ ಹಾರಿತು. ಮತ್ತೆ ಅದುಮಿದ. ಗಂಟು ಕಟ್ಟಿದ ಬೆರಳುಗಳಲ್ಲಿ ನೋವಿತ್ತೇ ಹೊರತು ಬಲವಿರಲಿಲ್ಲ. ನಾಯಿಯ ನಾಲಗೆ ಬಣ್ಣ ತಿರುಗುತ್ತಿತ್ತು. ಓಡಿ ಹೋಗಿ ಇಕ್ಕಳ ತರುವಷ್ಟು ಹೊತ್ತಿಲ್ಲ. ಕೊರಿನ್ನಳ ಸೊಂಟದಲ್ಲಿ ನಾಯಿಯ ಹಗ್ಗ ಸುತ್ತಿತ್ತು. ನಾಯಿ ಬಿಟ್ಟು ತಮಗೇ ಹಗ್ಗ ಕಟ್ಟಿಕೊಂಡು ಓಡಾಡುತ್ತಾರೆ ಎಂದು ಅವನು ಎಷ್ಟು ಸಲ ನಕ್ಕಿದ್ದನೋ.

"ಆಮೇಲೆ ಅಳು. ಆ ಹಗ್ಗ ಬಿಚ್ಚು," ಎಂದ. "ಈ ಸ್ಪ್ರಿಂಗಿನ ತುದೀಲಿ ಬಳೆ ಇದೆ ನೋಡು, ಅದರಲ್ಲಿ ತೂರಿಸು. ಆ ಕಡೆ ಬಳೇಲೂ ತೂರಿಸು. ಇನ್ನೊಂದ್ಸಲ ಸುತ್ತು. ಈಗ ಒಂದು ತುದಿ ಕಾಲಲ್ಲಿ ತುಳ್ಕೊ, ಇನ್ನೊಂದು ಎಳಿ. ಮೈಯೆಲ್ಲಾ ಹಾಕಿ ಎಳಿ."

ಅವಳು ಎಳೆದಳು. ಸ್ಪ್ರಿಂಗಿನ ಎರಡು ತುದಿ ಕೂಡಿಕೊಂಡ ಕ್ಷಣ ಅದು ಮತ್ತೆ ಬಿಚ್ಚಿಕೊಳ್ಳದಂತೆ ಆರ್ವಿಡ್ ಕೊಕ್ಕೆ ಸಿಕ್ಕಿಸಿದ. ಇನ್ನೊಂದು ಪಕ್ಕಕ್ಕೂ ಹಾಗೆಯೇ. ನಾಯಿ ಹಿಮದ ಮೇಲೆ ಜಾರಿ ಬಿತ್ತು, ಅಲ್ಲಾಡಲಿಲ್ಲ. ಆಮೇಲೆ ಒಮ್ಮೆ ಕೆಮ್ಮಿತು.

ಆಗಲೇ ಅವನಿಗೆ ಕಂಡದ್ದು, ಬೋನಿನ ಸರಪಳಿಯಲ್ಲಿದ್ದ ಹಿತ್ತಾಳೆ ಬಿಲ್ಲೆ. ಅದರ ಮೇಲೆ ಅವನದೇ ಹೆಸರು. ಕೊರಿನ್ ನಾಯಿಯ ಎದೆಗೆ ಕಿವಿಯಿಟ್ಟಿದ್ದಳು. ಆರ್ವಿಡ್ ಬಿಲ್ಲೆಯ ಮೇಲೆ ಬೂಟನ್ನಿಟ್ಟು ಹಿಮದೊಳಗೆ ಮೆಲ್ಲಗೆ ಒತ್ತಿದ. ಕೊರಿನ್ ಎದ್ದು ಬಂದು ಅವನನ್ನು ತಬ್ಬಿಕೊಂಡಳು.

"ನೀವು ಬರ್ದೇ ಇದ್ದಿದ್ರೆ ಇವನು ಉಳೀತಿರ್ಲಿಲ್ಲ," ಎಂದಳು. "ಯಾವ ಪಾಪಿ ಇಟ್ಟಿದ್ನೋ."

ಬೂಟಿನ ಕೆಳಗೆ ಬಿಲ್ಲೆ ಇಟ್ಟುಕೊಂಡೇ ಅವನು ಅವಳ ಬೆನ್ನು ತಟ್ಟಿದ.

ಭಾನುವಾರ ಡೆಲ್ಬರ್ಟ್ ತನ್ನ ಟ್ರಕ್ಕಿನಲ್ಲಿ ಅವನನ್ನು ಸಭೆಗೆ ಕರೆದೊಯ್ದ. ಒಂದು ಪಕ್ಕ ಬೋನಿನವರು, ಇನ್ನೊಂದು ಪಕ್ಕ ನಾಯಿಯವರು, ನಡುವೆ ಕಾಫಿ ಪಾತ್ರೆ. ಮೊದಲ ಒಂದು ಗಂಟೆ ಎಂದಿನ ರಾಮಾಯಣ. ನಾವು ಹುಟ್ಟಿದಾಗಿನಿಂದ ಹಾಕುತ್ತಿದ್ದೇವೆ ಎಂದು ಇವರು, ದಾರಿ ಎಲ್ಲರದು ಎಂದು ಅವರು. ಆಮೇಲೆ ಸಭೆ ನಡೆಸುತ್ತಿದ್ದ ಅಂಚೆ ಕಚೇರಿಯ ಥೆಲ್ಮಾ ಒಂದು ಕಾಗದ ತೆಗೆದಳು. ಕೊರಿನ್ ನಾಯಿಯನ್ನು ಪಟ್ಟಣದ ಪಶುವೈದ್ಯರಲ್ಲಿಗೆ ಒಯ್ದಿದ್ದಳು, ಬರಲಾಗದೆ ಬರೆದು ಕಳಿಸಿದ್ದಳು. ನಾಯಿ ಉಳಿಯುತ್ತದೆ. ಬೋನು ಯಾರದೋ ಗೊತ್ತಿಲ್ಲ, ಉಳಿಸಿದ್ದು ಮಾತ್ರ ಆರ್ವಿಡ್ ನೈಗ್ರೆನ್. ಬೋನು ಹಾಕುವವರೆಲ್ಲ ಅವರಂತಿದ್ದರೆ ನಾನು ಈ ಅರ್ಜಿ ಬರೆಯುತ್ತಲೇ ಇರಲಿಲ್ಲ ಎಂದಿತ್ತು ಅದರಲ್ಲಿ.

ಜನ ಚಪ್ಪಾಳೆ ತಟ್ಟಿದರು, ನಾಯಿಯವರೂ ತಟ್ಟಿದರು. ಡೆಲ್ಬರ್ಟ್ ಗೆದ್ದವನ ಹಾಗೆ ಅವನ ತೊಡೆಗೆ ಗುದ್ದಿ, ಏಳೋ ಮುದುಕ, ಇದೇ ಸಮಯ ಎಂದು ಪಿಸುಗುಟ್ಟಿದ. ನಿಜವೇ. ಆ ಹೊತ್ತಿನಲ್ಲಿ ಅವನು ಬೇಡ ಎಂದಿದ್ದರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತಿತ್ತು. ದಾರಿ ಉಳಿಯುತ್ತಿತ್ತು.

ಆರ್ವಿಡ್ ಎದ್ದು ನಿಂತ. ಟೊಪ್ಪಿಗೆ ತೆಗೆದ.

"ಬೋನು ನಂದು," ಎಂದ. "ಬಿಲ್ಲೆ ಮೇಲೆ ನನ್ನ ಹೆಸರಿತ್ತು. ಅವಳಿಗೆ ಕಾಣದ ಹಾಗೆ ಬೂಟಲ್ಲಿ ಮುಚ್ಚಿದೆ. ನಾಯಿ ಉಳಿಸಿದವನೂ ನಾನಲ್ಲ. ನನ್ನ ಕೈಯಲ್ಲಿ ಸ್ಪ್ರಿಂಗು ಅದುಮೋಕೆ ಆಗ್ಲಿಲ್ಲ. ಎಳೆದವಳು ಅವಳು. ನಾಯಿಗೆ ಹಗ್ಗ ಹಾಕ್ಬೇಕಿತ್ತು ಅವಳು, ಅದು ಅವಳ ತಪ್ಪು, ಅವಳು ನೋಡ್ಕೋತಾಳೆ. ನನ್ನಿಂದ ಬಿಚ್ಚೋಕಾಗದ ಬೋನನ್ನ ಜನ ಓಡಾಡೋ ದಾರೀಲಿ ಇಟ್ಟಿದ್ದೆ. ಕಾಲು ಮೈಲಿ ಅಂತಲೇ ಬರ್ಕೊ, ಥೆಲ್ಮಾ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೈ ಎತ್ತಿಸಿದಾಗ ಅರ್ಜಿಯ ಪರವಾಗಿ ಎಷ್ಟೋ ಹೆಚ್ಚು ಕೈಗಳೆದ್ದವು. ಡೆಲ್ಬರ್ಟ್ ಕೈ ಎತ್ತದೆ ಎದ್ದು ಹೊರಗೆ ಹೋದ.

ಇನ್ನು ನಡೆದೇ ಮನೆ ಸೇರಬೇಕು ಎಂದುಕೊಂಡು ಆರ್ವಿಡ್ ಹೊರಬಂದರೆ ಟ್ರಕ್ಕು ಎಂಜಿನ್ ಓಡಿಸಿಕೊಂಡು ನಿಂತಿತ್ತು. ಹತ್ತಿ ಕೂತ. ಅಂಗಡಿ ದಾಟಿತು, ಶಾಲೆ ದಾಟಿತು. ಡೆಲ್ಬರ್ಟ್‌ನ ದವಡೆ ಬಿಗಿದೇ ಇತ್ತು.

"ಹನ್ನೊಂದು ಜನ ನಿನ್ನ ಮುಖ ನೋಡ್ಕೊಂಡು ಬಂದಿದ್ರು," ಎಂದ ಕೊನೆಗೆ.

"ಗೊತ್ತು."

"ನನ್ನ ಹತ್ರಾನಾದ್ರೂ ಮೊದಲು ಹೇಳ್ಬಹುದಿತ್ತಲ್ಲೋ."

"ನೀನು ಹೇಳ್ಬೇಡ ಅಂತಿದ್ದೆ."

ಮನೆಯ ಮುಂದೆ ಟ್ರಕ್ಕು ನಿಂತಿತು. ಆರ್ವಿಡ್ ಬಾಗಿಲ ಹಿಡಿಯೊಂದಿಗೆ ಒದ್ದಾಡುತ್ತಿದ್ದ. ಚಳಿಗೆ ಬೆರಳು ಮಡಿಸಲಾಗುತ್ತಿರಲಿಲ್ಲ. ಡೆಲ್ಬರ್ಟ್ ಸ್ವಲ್ಪ ಹೊತ್ತು ಅದನ್ನು ನೋಡಿದ. ಆಮೇಲೆ ಅವನ ಮೇಲಿಂದ ಬಾಗಿ ಬಾಗಿಲು ತೆಗೆದ.

"ನಾಳೆ ಎಷ್ಟೊತ್ತಿಗೆ ಹೋಗೋಣ?"

"ಎಲ್ಲಿಗೆ?"

"ಬೋನು ಕೀಳೋಕೆ. ಆರು ಮೈಲೀಲಿ ಎಷ್ಟಿವೆಯೋ ಏನೋ. ನೀನೊಬ್ನೇ ಕೀಳ್ತೀಯಾ, ಈ ಕೈಯಲ್ಲಿ?"

ಮೇವಿಸ್‌ಳನ್ನು ಮಣ್ಣು ಮಾಡಿದ ದಿನವೂ ಯಾರೆದುರೂ ಅಳದಿದ್ದ ಆರ್ವಿಡ್‌ಗೆ ಆಗ ಅಳು ಬಂತು. ಒಂದು ಕಾಲು ಹಿಮದ ಮೇಲೆ, ಒಂದು ಕಾಲು ಟ್ರಕ್ಕಿನಲ್ಲಿ ಇಟ್ಟುಕೊಂಡೇ ಅತ್ತ. ಡೆಲ್ಬರ್ಟ್ ಮುಖ ತಿರುಗಿಸದೆ ಕಾದ.

"ಬೆಳಕು ಹರಿದ ಮೇಲೆ ಬಾ," ಎಂದ ಆರ್ವಿಡ್.