ಸವೆಯಲೆಂದು ಹಾಕಿದ ಹಾಡು

ಗೋಡೆಯಾಚೆ ಹಾಡು ಮತ್ತೆ ಶುರುವಾಯಿತು. ಚಿಕ್ಕವ ಬಾಯಲ್ಲಿ ಕಚ್ಚಿಕೊಂಡಿದ್ದ ಸಣ್ಣ ಮೊಳೆಗಳನ್ನು ಅಂಗೈಗೆ ಉಗುಳಿ ಸುತ್ತಿಗೆಯನ್ನು ಪಕ್ಕಕ್ಕಿಟ್ಟ. ಬೆಳಿಗ್ಗೆಯಿಂದ ಇದೇ ಆಗಿತ್ತು. ಹಾಡು ಮುಗಿಯುತ್ತದೆ, ರೆಕಾರ್ಡಿನಿಂದ ಸೂಜಿ ಎತ್ತುವ ಸದ್ದು ಕೇಳುತ್ತದೆ, ಒಂದು ಕ್ಷಣ ಸುಮ್ಮನಾಗುತ್ತದೆ, ಆಮೇಲೆ ಮತ್ತೆ ಮೊದಲಿನಿಂದ.

"ಇನ್ನೂ ಎಷ್ಟು ಸಲ ಹಾಕ್ತಾರೆ ಅತ್ತಿಗೆ?" ಎಂದ, ಊಟದ ಡಬ್ಬಿ ತಂದಿಟ್ಟ ಹೆಂಡತಿಯ ಮುಖ ನೋಡದೆ.

"ರೆಕಾರ್ಡು ಕೊಟ್ಟಿದ್ದು ನೀವೇ ಅಲ್ವಾ? ಕೇಳಲಿ ಅಂತ ತಾನೇ ಕೊಟ್ಟಿದ್ದು?"

"ಕೇಳೋದಕ್ಕೂ ಒಂದು ಮಿತಿ ಬೇಡ್ವಾ?"

"ಅದನ್ನ ಅವರ ಹತ್ರಾನೇ ಹೋಗಿ ಹೇಳಿ. ಗೋಡೆಗೆ ಹೇಳಿದ್ರೆ ಏನು ಬಂತು?" ಎಂದು ಅವಳು ಮೆಟ್ಟಿಲು ಹತ್ತಿ ಹೋದಳು.

ಅಂಗಡಿಯ ಗೋಡೆಗೆ ಅಂಟಿಕೊಂಡೇ ಅಣ್ಣನ ಮನೆ, ಮಹಡಿಯ ಮೇಲೆ ಇವನದು. ಸೋಫಾ, ಕುರ್ಚಿಗಳ ಕುಶನ್ ಕೆಲಸ ಅಣ್ಣತಮ್ಮಂದಿರು ಕೂಡಿ ಮಾಡುತ್ತಿದ್ದದ್ದು. ಮರದ ಚೌಕಟ್ಟು ಅಣ್ಣನ ಪಾಲಿಗೆ, ಸ್ಪಂಜು ಬಟ್ಟೆ ತಮ್ಮನ ಪಾಲಿಗೆ. ಬೀದಿಯವರ ಬಾಯಲ್ಲಿ ಅವರು ದೊಡ್ಡವ, ಚಿಕ್ಕವ. ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ದೊಡ್ಡವ ಗಿರಾಕಿಯ ಕುರ್ಚಿಯನ್ನು ಗಾಡಿಯಿಂದ ಇಳಿಸಿ, "ತಡಿಯೋ, ಒಂಚೂರು ಸುಸ್ತು" ಎಂದು ಅದೇ ಕುರ್ಚಿಯಲ್ಲಿ ಕೂತವನು ಏಳಲೇ ಇಲ್ಲ.

ಸೋಲ್ ಎಂಬ ಇಂಗ್ಲಿಷ್ ಸಂಗೀತದ ಹುಚ್ಚು ಇಬ್ಬರಿಗೂ ಒಟ್ಟಿಗೇ ಹತ್ತಿದ್ದು. ಹುಡುಗರಾಗಿದ್ದಾಗ ಒಬ್ಬ ಗಿರಾಕಿ ಮನೆ ಖಾಲಿ ಮಾಡುತ್ತಾ ಒಂದು ಪ್ಲೇಯರನ್ನೂ ಪೆಟ್ಟಿಗೆ ತುಂಬ ರೆಕಾರ್ಡುಗಳನ್ನೂ ಇವರ ಗಾಡಿಗೆ ಹಾಕಿ ಕಳಿಸಿದ್ದ. ಎದೆ ಬಿರಿಯುವಂತೆ ಕೂಗಿ ಕರೆಯುವ ಆ ದನಿಗಳನ್ನು ಅಂಥದ್ದೊಂದು ಇದೆಯೆಂದೇ ತಿಳಿಯದಿದ್ದ ಇಬ್ಬರೂ ಬಾಯಿಬಿಟ್ಟುಕೊಂಡು ಕೇಳಿದರು. ಚಿಕ್ಕವನಿಗೆ ಒಂದು ಹಾಡು ಎಷ್ಟು ಹಿಡಿಸಿತೆಂದರೆ ಆ ಬೇಸಿಗೆಯಿಡೀ ಅದನ್ನೇ ಹಾಕಿದ. ಒಂದು ದಿನ ಬಟ್ಟೆ ಕತ್ತರಿಸುತ್ತಿದ್ದಾಗ ಮೈ ಜುಮ್ಮೆನ್ನಿಸುತ್ತಿದ್ದ ಜಾಗ ಬಂತು, ಹೋಯಿತು. ಅವನ ಕತ್ತರಿ ನಿಲ್ಲಲಿಲ್ಲ. ಮತ್ತೆ ಹಾಕಿ ನೋಡಿದ. ಫ್ಯಾನು ತಿರುಗುವ ಸದ್ದಿಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ಹತ್ತಿರದವರು ಯಾರೋ ಹೋದಂತೆ ಅವನು ಹೆದರಿಬಿಟ್ಟ.

ಅಂದಿನಿಂದ ಅತಿ ಇಷ್ಟದ ರೆಕಾರ್ಡುಗಳು ಬೀರು ಸೇರಿದವು. ವೆಲ್ವೆಟ್ ತುಂಡುಗಳಲ್ಲಿ ಸುತ್ತಿ ಇಟ್ಟವನ್ನು ಮನೆಯಲ್ಲಿ ಮಗು ಹುಟ್ಟಿದರೆ, ದೊಡ್ಡ ಕೆಲಸವೊಂದು ಮುಗಿದರೆ, ಹಾಗೆ ಅಪರೂಪಕ್ಕೆ ಹೊರಗೆ ತೆಗೆಯುವುದು. "ಸೋಲ್ ಹಾಡು ಅಂದ್ರೆ ಸೋತವರ ಹಾಡು ಕಣೋ. ಮೊದಲೇ ಸೋತಿರ್ತಾರೆ, ಮೇಲೆ ನೀನು ಬೇರೆ ಬೀರುನಲ್ಲಿ ಕೂಡಿ ಹಾಕ್ತೀಯ," ಎಂದು ದೊಡ್ಡವ ನಗುತ್ತಿದ್ದ. ನಕ್ಕರೂ ತಮ್ಮ ಹೇಳಿದ ದಿನದವರೆಗೆ ಕಾಯುತ್ತಿದ್ದ. ಅವನ ಮೆಚ್ಚಿನದು, ಹೊರಟು ನಿಂತವನನ್ನು ಬಾಗಿಲಲ್ಲೇ ಮಾತಿಗೆಳೆದು ನಿಲ್ಲಿಸಿಕೊಳ್ಳುವ ಹೆಂಗಸಿನ ಹಾಡು. ಕೊನೆಯ ಸಾಲಿಗೆ ಮುಂಚೆ ಹಾಡುವವಳು ಉಸಿರೆಳೆದುಕೊಳ್ಳುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಅಲ್ಲಿ ದೊಡ್ಡವ ಕಣ್ಣು ಮುಚ್ಚಿಕೊಂಡೇ ಒಂದು ಬೆರಳೆತ್ತುತ್ತಿದ್ದ. ಆಮೇಲೆ ಆ ಸಾಲನ್ನು ಹೆಂಡತಿಯ ಕಡೆ ತಿರುಗಿ ತಾನೂ ಹಾಡುತ್ತಿದ್ದ, ಶ್ರುತಿಗೂ ತನಗೂ ಸಂಬಂಧವೇ ಇಲ್ಲವೆನ್ನುವಂತೆ.

ಆ ರೆಕಾರ್ಡನ್ನೇ ಅತ್ತಿಗೆ ಕೇಳಿದ್ದಳು. "ಈಗ ಬೇಡ ಅತ್ತಿಗೆ. ವರ್ಷ ತುಂಬಲಿ, ಎಲ್ಲರೂ ಒಟ್ಟಿಗೆ ಕೂತು ಕೇಳೋಣ," ಎಂದಿದ್ದ ಚಿಕ್ಕವ. ಅವಳು ತಲೆಯಾಡಿಸಿ ಹೋದಳು. ಚಿಕ್ಕವನ ಹೆಂಡತಿ ಮಾತ್ರ ಅವನ ಜೊತೆ ಮಾತು ಬಿಟ್ಟಳು. ಕೊನೆಗೆ ಅವನೇ ಪ್ಲೇಯರನ್ನೂ ರೆಕಾರ್ಡನ್ನೂ ಹೊತ್ತುಕೊಂಡು ಹೋಗಿ ಕೊಟ್ಟು ಬಂದಿದ್ದ. ಅಂದಿನಿಂದ ಅತ್ತಿಗೆ ಮನೆಯಲ್ಲಿದ್ದಷ್ಟು ಹೊತ್ತೂ ಅದೊಂದೇ ಹಾಡು.

ಡಬ್ಬಿ ಮುಟ್ಟದೆ ಚಿಕ್ಕವ ಎದ್ದು ಪಕ್ಕದ ಬಾಗಿಲು ತಟ್ಟಿದ.

ಅತ್ತಿಗೆ ಪ್ಲೇಯರಿನ ಪಕ್ಕ ನೆಲದ ಮೇಲೆ ಕೂತು ಕೆಲಸಕ್ಕೆ ತೊಡುವ ನೀಲಿ ಕೋಟಿನ ತೋಳಿನ ಅಂಚು ಹೊಲಿಯುತ್ತಿದ್ದಳು. ಬಟ್ಟೆಯಂಗಡಿಯಲ್ಲಿ ಕೆಲಸಕ್ಕೆ ಸೇರಿ ಇನ್ನೂ ಕೆಲವೇ ದಿನಗಳಾಗಿದ್ದವು; ಅಂದು ರಜೆ. ಅವಳು ಅಳುತ್ತಿರಬಹುದೆಂದುಕೊಂಡು ಬಂದಿದ್ದ. ಕಣ್ಣು ಒಣಗಿತ್ತು.

"ಬೇಜಾರು ಮಾಡ್ಕೋಬೇಡಿ ಅತ್ತಿಗೆ. ಹೀಗೆ ಹಾಕ್ತಾ ಹೋದ್ರೆ ಹಾಳಾಗುತ್ತೆ."

"ಯಾಕೆ, ಸೂಜಿ ಹೊಸದೇ ಅಂದ್ಯಲ್ಲ?"

"ರೆಕಾರ್ಡಲ್ಲ ಅತ್ತಿಗೆ. ಹಾಡು."

ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ಹಾಳಾಗ್ಲಿ ಅಂತಾನೇ ಹಾಕ್ತಿರೋದು."

ಚಿಕ್ಕವ ತಿರುಗುತ್ತಿದ್ದ ರೆಕಾರ್ಡಿನ ಕಡೆ ನೋಡಿದ.

"ಅಂಗಡೀಲಿ ಇಡೀ ದಿನ ಹಳೇ ಹಾಡಿನ ರೇಡಿಯೋ ಇರುತ್ತೆ," ಎಂದಳು. "ಮೊದಲನೇ ದಿನಾನೇ ಒಬ್ಬರಿಗೆ ಪರದೆ ಬಟ್ಟೆ ಅಳೀತಿದ್ದೆ. ಬಂತು ಇದು. ಕೈಲಿ ಕತ್ತರಿ ಇತ್ತು. ಏನು ಕತ್ತರಿಸಿದ್ನೋ, ನೋಡಿದ್ರೆ ಬಟ್ಟೆ ಸೊಟ್ಟಕ್ಕೆ ಹೋಗಿದೆ. ಹಿಂದುಗಡೆ ಸಾಮಾನಿನ ಕೋಣೆಗೆ ಹೋಗಿ ಕೂತ್ಕೊಂಡೆ. ಬಾಗಿಲು ತಟ್ಟಿದ್ರೂ ಏಳೋಕಾಗ್ಲಿಲ್ಲ. ಯಜಮಾನರು ಒಳ್ಳೆಯವರು. ಆದ್ರೂ, ಇನ್ನೊಂದು ಸಲ ಹೀಗಾದ್ರೆ ಕಷ್ಟ ಕಣಮ್ಮ ಅಂದ್ರು."

"ಹೇಳಿದ್ರೆ ರೇಡಿಯೋ ಆರಿಸ್ತಾರೆ."

"ಅಂಗಡೀಲಿ ಆರಿಸ್ತಾರೆ. ಬಸ್ಸಲ್ಲಿ? ಬೀದೀಲಿ? ಊರೆಲ್ಲ ಸುತ್ತಿ ಎಲ್ಲರ ಕೈಲೂ ಆರಿಸ್ತಾ ಹೋಗ್ಲಾ?" ಕೋಟನ್ನು ಮಡಿಲಲ್ಲಿ ಮಡಚಿಟ್ಟಳು. "ನೀನೇ ಹೇಳ್ತಿದ್ದೆ, ತುಂಬ ಕೇಳಿದ್ರೆ ಹಾಡು ಸತ್ತೋಗುತ್ತೆ ಅಂತ. ನಿಮ್ಮಣ್ಣ ನಗ್ತಿದ್ರು. ನಾನು ನಂಬಿದೀನಿ ಕಣೋ. ನಂಗದು ಸಾಯ್ಬೇಕು."

"ಮತ್ತೆ ನನಗೆ? ನನಗೆ ಅಣ್ಣ ಅಂತ ಉಳಿದಿರೋದು ಅದರೊಳಗೆ ಮಾತ್ರ ಅತ್ತಿಗೆ."

"ನಿಂಗೆ ಅದರೊಳಗೆ ಮಾತ್ರ," ಎಂದಳು, ದನಿ ಏರಿಸದೆ. "ನಂಗೆ ಹಾಸಿಗೇಲಿ, ಬಚ್ಚಲಲ್ಲಿ, ಚಪ್ಪಲಿ ಬಿಡೋ ಜಾಗದಲ್ಲಿ. ಅಷ್ಟೂ ಕಡೆ ಹಲ್ಲು ಕಚ್ಕೊಂಡು ತಡೀತೀನಿ. ಇದೊಂದನ್ನ ಬಿಟ್ಕೊಡೋ. ಆಗಲ್ಲ ಅಂದ್ರೆ ತಗೊಂಡೋಗು. ನಾನೇನೂ ಅನ್ಕೊಳಲ್ಲ."

ಹಾಡು ಕೊನೆಗೆ ಬರುತ್ತಿತ್ತು. ಚಿಕ್ಕವ ಬಗ್ಗಿ ಸೂಜಿಯ ಕಡ್ಡಿಗೆ ಕೈ ಹಾಕಿದ. ಎತ್ತಿದ್ದರೆ ಮುಗಿಯುತ್ತಿತ್ತು. ಆಗ ಹಾಡುವವಳು ಉಸಿರೆಳೆದುಕೊಂಡಳು. ಅಣ್ಣನ ಬೆರಳು, ಅದರ ಉಗುರಿನಲ್ಲಿ ಸಿಕ್ಕಿಕೊಂಡಿರುತ್ತಿದ್ದ ವಾರ್ನಿಷಿನ ಕಂದು ಗೆರೆ, ಎಲ್ಲ ಕಣ್ಣೆದುರು ಬಂತು. ಅವನು ಕಡ್ಡಿಯಿಂದ ಕೈ ತೆಗೆದ. ಅತ್ತಿಗೆಯ ಎದುರಿಗೇ ನೆಲದ ಮೇಲೆ ಕೂತುಬಿಟ್ಟ.

ಅವಳೇ ಕೈ ಚಾಚಿ ಸೂಜಿಯನ್ನು ಮತ್ತೆ ಅಂಚಿಗಿಟ್ಟಳು. ಎರಡನೆಯ ಸಲವೂ ಉಸಿರಿನ ಜಾಗದಲ್ಲಿ ಬೆರಳು ಬಂತು, ಆದರೆ ಅದು ಬರುತ್ತದೆಂದು ಅವನಿಗೆ ಮೊದಲೇ ಗೊತ್ತಿತ್ತು. ಆ ಮೇಲಿನ ಸಲ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಅವನು ಸೂರಿನ ತೇವದ ಕಲೆಯನ್ನು ನೋಡುತ್ತ, ಮೇಲಿನ ಕೊಳಾಯಿ ಸೋರುತ್ತಿರಬೇಕು, ಯಾರನ್ನಾದರೂ ಕರೆಸಬೇಕು ಎಂದು ಯೋಚಿಸುತ್ತಿದ್ದ. ತಾನು ಯೋಚಿಸುತ್ತಿರುವುದು ಏನೆಂದು ತಿಳಿದ ಕೂಡಲೇ ಗಾಬರಿಯಾಗಿ ಎದ್ದ. ಅತ್ತಿಗೆ ತಲೆ ಎತ್ತಿ ನೋಡಿದಳು.

"ಹಾಕ್ಕೊಳ್ಳಿ," ಎಂದ. "ಬೇಕಾದಷ್ಟು ಸಲ ಹಾಕ್ಕೊಳ್ಳಿ."

ಅಲ್ಲಿಂದಾಚೆ ಅವನು ಕಿವಿಗೆ ಸ್ಪಂಜಿನ ಚೂರು ತುರುಕಿಕೊಂಡು ಕೆಲಸ ಮಾಡಿದ. ಗಿರಾಕಿಗಳು ಎರಡೆರಡು ಸಲ ಕೂಗಬೇಕಾಗುತ್ತಿತ್ತು. ಆದರೂ ಮೊಳೆ ಹೊಡೆಯುವಾಗ ಗೋಡೆಯಿಂದ ಬೆಂಚಿಗೆ, ಬೆಂಚಿನಿಂದ ಮೊಣಕೈಗೆ ಅದರ ತಾಳ ಹತ್ತುತ್ತಿತ್ತು. ತನಗೆ ಗೊತ್ತಿಲ್ಲದೆಯೇ ಆ ತಾಳಕ್ಕೆ ಸುತ್ತಿಗೆ ಬೀಳುತ್ತಿರುವುದು ತಿಳಿದಾಗ ಬೇಕೆಂದೇ ತಪ್ಪಿಸಿ ಹೊಡೆದು ಹೆಬ್ಬೆರಳು ಜಜ್ಜಿಕೊಂಡ. ಹೆಂಡತಿ ಬಟ್ಟೆ ಕಟ್ಟುತ್ತಾ, "ಬೀರುನಲ್ಲಿ ಇನ್ನೂ ಇದ್ಯಲ್ಲ, ಬೇರೆ ಯಾವುದಾದ್ರೂ ಕೇಳಿ," ಎಂದಳು. "ಪ್ಲೇಯರು ಅಲ್ಲಿದೆ," ಎಂದು ಅವನು ಮುಖ ತಿರುಗಿಸಿದ. ಅದು ಕಾರಣವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಒಂದು ರಜೆಯ ದಿನ ಗೋಡೆಯಾಚೆ ಸದ್ದೇ ಇರಲಿಲ್ಲ. ಮಧ್ಯಾಹ್ನ ಅತ್ತಿಗೆ ಪ್ಲೇಯರನ್ನು ಎದೆಗವಚಿಕೊಂಡು ಮಹಡಿ ಹತ್ತಿ ಬಂದಳು. ಮೇಲೆ ರೆಕಾರ್ಡು, ಅದೇ ವೆಲ್ವೆಟ್ ತುಂಡಿನಲ್ಲಿ ನೀಟಾಗಿ ಸುತ್ತಿದ್ದು.

"ತಗೋ. ಆಯ್ತು," ಎಂದಳು.

"ಆಯ್ತಾ?"

"ಹೂಂ." ಇನ್ನೇನೋ ಹೇಳಲು ಬಾಯಿ ತೆರೆದವಳು, "ನಿಮ್ಮ ಕೊಳಾಯಿ ಕೆಳಗೆ ಸೋರ್ತಿದೆ, ನೋಡ್ಸು," ಎಂದಷ್ಟೇ ಹೇಳಿ ಇಳಿದುಹೋದಳು.

ಅವನು ರೆಕಾರ್ಡನ್ನು ಬೀರುವಿನ ಅದರ ಜಾಗಕ್ಕೆ ಸೇರಿಸಿದ. ಹಾಕಿ ನೋಡುವ ಧೈರ್ಯ ಬರಲಿಲ್ಲ. ಹಾಡು ಸತ್ತಿದ್ದರೆ ಹೇಗೆ ಎಂಬ ಭಯ ಒಂದು ಕಡೆ. ಸತ್ತಿರದಿದ್ದರೆ ಅಷ್ಟೂ ದಿನ ಅವಳೊಬ್ಬಳೇ ಗೋಡೆಯಾಚೆ ಕೂತು ಮಾಡಿದ್ದೇನು ಎಂಬ ಯೋಚನೆ ಇನ್ನೊಂದು ಕಡೆ. ಅಣ್ಣ ಇದ್ದಿದ್ದರೆ ಅವನನ್ನು ಕೇಳಬಹುದಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಸೋಫಾದ ತಳಕ್ಕೆ ಹೊಡೆಯುವ ಕಪ್ಪು ಬಟ್ಟೆ ತೀರಿತು. ಯಾವಾಗಲೂ ತರುವ ಅಂಗಡಿ ಬಿಟ್ಟು ಅವನು ಅತ್ತಿಗೆಯ ಅಂಗಡಿಗೆ ಹೋದ. ಮಧ್ಯಾಹ್ನದ ಹೊತ್ತು, ಗಿರಾಕಿಗಳು ಹೆಚ್ಚಿರಲಿಲ್ಲ. ಅತ್ತಿಗೆ ಉದ್ದನೆಯ ಮೇಜಿನ ಹಿಂದೆ ನಿಂತು ಮುದುಕಿಯೊಬ್ಬಳಿಗೆ ಹೂವಿನ ಬಟ್ಟೆ ಅಳೆಯುತ್ತಿದ್ದಳು. ಬಾಗಿಲು ದಾಟುವಷ್ಟರಲ್ಲಿ ಗೋಡೆಯ ಮೇಲಿನ ಸ್ಪೀಕರಿನಲ್ಲಿ ಆ ಹಾಡು ಬಂತು.

ಚಿಕ್ಕವ ಅಲ್ಲೇ ನಿಂತ. ಅತ್ತಿಗೆ ಬಟ್ಟೆಯನ್ನು ಅಳತೆ ಕೋಲಿಗೆ ಹಿಡಿದು, ಬೆರಳಲ್ಲಿ ಗುರುತು ಮಾಡಿ, ಮತ್ತೆ ಎಳೆದಳು. "ತೊಳೆದ್ರೆ ಸ್ವಲ್ಪ ಕುಗ್ಗುತ್ತೆ ಅಜ್ಜಿ, ಒಂದು ಗೇಣು ಜಾಸ್ತಿ ಇಟ್ಟಿದೀನಿ," ಎಂದಳು. ಹಾಡುವವಳು ಉಸಿರೆಳೆದುಕೊಂಡಳು. ಕತ್ತರಿ ಬಟ್ಟೆಯ ಈ ಅಂಚಿನಿಂದ ಆ ಅಂಚಿಗೆ ಎಲ್ಲೂ ತಡೆಯದೆ ನೇರವಾಗಿ ಹೋಯಿತು.

ಬಣ್ಣ ನೋಡುವವನಂತೆ ಅವನು ಬಟ್ಟೆಯ ಥಾನುಗಳ ಕಡೆ ತಿರುಗಿ ಅಂಗಿಯ ತೋಳಿಗೆ ಮುಖ ಒರೆಸಿಕೊಂಡ.

ಮುದುಕಿ ಹೋದ ಮೇಲೆ ಅತ್ತಿಗೆ ಅವನನ್ನು ಕಂಡಳು. "ಯಾವಾಗ ಬಂದ್ಯೋ? ಕೂಗೋದಲ್ವಾ?"

"ಈಗಷ್ಟೇ. ಆ ಹಾಡು ಬಂತಲ್ಲ, ಅದಕ್ಕೇ..."

"ಯಾವ ಹಾಡು?" ಎಂದಳು. ಸ್ಪೀಕರಿನ ಕಡೆ ನೋಡಿದಳು. ಅಲ್ಲಿ ಆಗಲೇ ಯಾರೋ ಹವಾಮಾನ ಓದುತ್ತಿದ್ದರು. ಒಂದು ಗಳಿಗೆ ಅವಳ ಕೈ ಮೇಜಿನ ಮೇಲೆ ಸುಮ್ಮನಿತ್ತು. "ಬಂದಿತ್ತಾ?"

"ಬಂದಿತ್ತು."

ಅವಳು ಏನು, ಎಷ್ಟು ಬೇಕೆಂದು ಕೇಳಿ, ಕಪ್ಪು ಬಟ್ಟೆಯ ಥಾನು ಉರುಳಿಸಿ, ಕತ್ತರಿಸಿದಳು. ತುಂಡು ಉದ್ದವಾಗಿತ್ತು, ಒಬ್ಬರ ಕೈಗೆ ಬಗ್ಗುವಂತಿರಲಿಲ್ಲ.

"ಆ ಕಡೆ ಹಿಡ್ಕೋ," ಎಂದಳು.

ಅವನು ಎರಡು ಮೂಲೆ ಹಿಡಿದು ಬಾಗಿಲಿನವರೆಗೆ ಹಿಂದೆ ಸರಿದ. ಇಬ್ಬರೂ ಬಟ್ಟೆಯನ್ನು ಬಿಗಿಯಾಗಿ ಎಳೆದು, ಒಮ್ಮೆ ಕೊಡವಿ, ಅಂಚಿಗೆ ಅಂಚು ಸೇರಿಸಿದರು. ಆಮೇಲೆ ಅವನು ಅವಳ ಕಡೆ ನಡೆದು ಬಂದು ತನ್ನ ಮೂಲೆಗಳನ್ನು ಅವಳ ಕೈಗೆ ಕೊಟ್ಟು, ನೆಲಕ್ಕೆ ತಾಗುತ್ತಿದ್ದ ಮಡಿಕೆಯನ್ನು ಬಗ್ಗಿ ಎತ್ತಿಕೊಂಡ.