ತಮ್ಮನ ಯಂತ್ರಕ್ಕೆ ಹಾಕಿದ ಪ್ಯಾಚ್

ಪರದೆ ಮತ್ತೆ ಅದೇ ನೀಲಿ, ಗೋಡೆ ನೀಲಿ, ಅವಳ ಕೈ ನೀಲಿ, ತಮ್ಮನ ಕೆನ್ನೆಯೂ ನೀಲಿ, ಹಾಳಾದ್ದು ಇದು ಒಂಬತ್ತನೇ ಸಲ, ಏನೋ ತೊಂದರೆಯಾಗಿದೆ, ಕಂಪ್ಯೂಟರ್ ತಾನಾಗಿ ಮತ್ತೆ ಶುರುವಾಗುತ್ತದೆ ಅನ್ನುತ್ತದೆ, ಶುರುವೇನೋ ಆಗುತ್ತದೆ, ಅವನ ಕಣ್ಣು ಓದುವ ಕ್ಯಾಮೆರಾದ ಕೆಂಪು ದೀಪ ಒಮ್ಮೆ ಮಿಟುಕುತ್ತದೆ, ಅಷ್ಟೆ, ಮತ್ತೆ ನೀಲಿ — ಮೂರು ಗಂಟೆ ಹತ್ತು ನಿಮಿಷ, ಡಾಕ್ಟರು ಬರುವುದು ನಾಲ್ಕಕ್ಕೆ. ಎರಡು ವರ್ಷವಾಯಿತು, ಅವನ ಕೈ ಆಡುವುದಿಲ್ಲ, ಕಾಲು ಆಡುವುದಿಲ್ಲ, ನಾಲಿಗೆ ಹೊರಳುವುದಿಲ್ಲ, ಉಳಿದಿರುವುದು ಕಣ್ಣೊಂದೇ, ಅವನು ಪರದೆಯ ಅಕ್ಷರವನ್ನು ದಿಟ್ಟಿಸಿದರೆ ಈ ಯಂತ್ರ ಅವನ ಬದಲು ಮಾತಾಡಬೇಕು, ಇದು ಮನೆಗೆ ಬಂದ ದಿನ ಅವನಾಡಿದ ಮೊದಲ ಮಾತು, ಅಕ್ಕ ನಿನ್ನ ಅಡುಗೇಲಿ ಉಪ್ಪೇ ಇರಲ್ಲ, ಆರು ತಿಂಗಳಿಂದ ಹೇಳಕ್ಕಾಗ್ದೆ ನುಂಗ್ತಿದೀನಿ, ನಗುತ್ತ ನಗುತ್ತಲೇ ಅತ್ತುಬಿಟ್ಟಿದ್ದಳು, ಅಂಥ ಬಾಯನ್ನು ಇವತ್ತು ತನ್ನ ಕೈಯಾರೆ ಹೊಲಿದುಬಿಟ್ಟಳಲ್ಲ. ಬೇರೆ ಯಾರಾದರೂ ಮಾಡಿದ್ದರೆ ಜನ್ಮ ಜಾಲಾಡುತ್ತಿದ್ದಳು, ಆಫೀಸಿನ ನಾನೂರು ಕಂಪ್ಯೂಟರಿಗೆ ಪ್ಯಾಚ್, ಅಂದರೆ ತಂತ್ರಾಂಶದ ತೇಪೆ, ಹಾಕುವವಳು, ಮೊದಲು ಮೂಲೆಯ ಹಳೇ ಡಬ್ಬಕ್ಕೆ ಹಾಕಿ, ಒಂದು ವಾರ ಕಾದು, ಅದು ಸಾಯದಿದ್ದರೆ ಮಾತ್ರ ಮಿಕ್ಕವಕ್ಕೆ, ಆ ಡಬ್ಬಕ್ಕೆ ಬಲಿಪಶು ಅಂತ ಚೀಟಿ ಅಂಟಿಸಿದವಳೂ ಇವಳೇ, ಹೇಳೋದು ಶಾಸ್ತ್ರ ತಿನ್ನೋದು ಬದನೇಕಾಯಿ, ಮನೆಯಲ್ಲಿ ಬಲಿಪಶು ಎಲ್ಲಿದೆ, ಇರುವುದೊಂದು ಯಂತ್ರ, ಇರುವವನೊಬ್ಬ ತಮ್ಮ.

ಆದರೆ ಬೆಳಿಗ್ಗೆ ಆ ಕಿತ್ತಳೆ ಚುಕ್ಕಿ, ಅಪ್‌ಡೇಟ್ ಬಾಕಿಯಿದೆ, ಡಾಕ್ಟರು ಕೇಳುತ್ತಿರುವಾಗಲೇ ರೀಸ್ಟಾರ್ಟ್ ಆಗಿಬಿಟ್ಟರೆ ಅನ್ನುವ ಭಯ, ಈಗಲೇ ಮುಗಿಸಿಬಿಡೋಣ ಅಂತ ಒತ್ತಿದಳು, ಕೆರೆದು ಹುಣ್ಣು ಮಾಡಿಕೊಂಡಳು. ಪ್ಯಾಚಿಗೂ ಕ್ಯಾಮೆರಾಕ್ಕೂ ಎಣ್ಣೆ ಸೀಗೇಕಾಯಿ, ಕ್ಯಾಮೆರಾ ಕಿತ್ತರೆ ಯಂತ್ರ ಏಳುತ್ತದೆ, ಕ್ಯಾಮೆರಾ ಇಲ್ಲದ ಯಂತ್ರ ಯಾರಿಗೆ ಬೇಕು, ಕ್ಯಾಮೆರಾ ಎಬ್ಬಿಸದ ಸೇಫ್ ಮೋಡಿಗೆ ಹೋಗಿ ಪ್ಯಾಚನ್ನೇ ತೆಗೆಯಬೇಕು, ತೆಗೆಯಲಾಗುತ್ತಿದೆ, ಶೇಕಡಾ ಹನ್ನೆರಡು, ಮೂವತ್ತೆರಡು, ಮೂವತ್ತೆರಡು, ದಮ್ಮಯ್ಯ ಮುಂದೆ ಹೋಗು. ಹೋದ ವಾರವೇ ಡಾಕ್ಟರು ಹೇಳಿದ್ದರು, ಉಸಿರು ಸಾಲ್ತಿಲ್ಲ, ಕತ್ತಿಗೆ ನಳಿಕೆ ಹಾಕಿದ್ರೆ ಇನ್ನಷ್ಟು ವರ್ಷ, ಹಾಕದಿದ್ರೆ ಇನ್ನು ಕೆಲವೇ ದಿನ, ಆದ್ರೆ ನಿಮ್ಮ ಮಾತಲ್ಲಮ್ಮ, ಅವರ ಮಾತೇ ಬೇಕು, ಅವರೇನೂ ಹೇಳದೇ ಹೋದ್ರೆ ನಾವು ಹಾಕಲೇಬೇಕು. ಅದಕ್ಕೇ ಬೆಳಿಗ್ಗೆ ಕೂತು ಪರದೆಯಲ್ಲಿ ಅವನು ದಿಟ್ಟಿಸಿ ಉತ್ತರಿಸಲು ಎರಡು ಮನೆ ಮಾಡಿದ್ದಳು, ಮೇಲೆ ಎಡಕ್ಕೆ ಹಾಕಿ ಅನ್ನುವ ಮನೆ, ಅಂಗೈಯಗಲ, ಹಸಿರು, ಕೆಳಗೆ ಬಲಮೂಲೆಯಲ್ಲಿ ಬೇಡ ಅನ್ನುವ ಮನೆ, ಬೆರಳುಗುರಿನಷ್ಟು, ತೋರಿಸಿದಾಗ ಅವನ ಕಣ್ಣು ನಕ್ಕಿತ್ತು, ಅಕ್ಕನ ಕಳ್ಳತನ ಅವನಿಗೆ ತಿಳಿಯದ್ದೇನು. ಅರವತ್ತೊಂದು. ಕುತ್ತಿಗೆ ಹಿಡಿದುಕೊಂಡಿದೆ, ತಲೆಯೆತ್ತಿ ಅವನ ಕಡೆ ನೋಡಿದಳು, ಪರದೆಯಲ್ಲಿ ಆ ಅಂಕಿ ಬಿಟ್ಟರೆ ಏನೂ ಇಲ್ಲ, ಬರೀ ಕಪ್ಪು, ಆದರೂ ಅವನ ಕಣ್ಣು ಕೆಳಗೆ ಬಲಮೂಲೆಯಲ್ಲಿ ನಿಂತಿದೆ, ಇಲ್ಲ, ದಣಿವಿಗೆ ಹಾಗೆ ವಾಲಿರಬೇಕು, ಇಲ್ಲ, ಬೆಳಕಿಗೆ, ಎದ್ದು ಕಿಟಕಿಯ ಕರ್ಟನ್ ಎಳೆದಳು, ಬಂದು ನೋಡಿದರೆ ಕೆಳಗೆ, ಬಲಮೂಲೆ.

ಎಂಬತ್ತೆಂಟು, ತೊಂಬತ್ತೇಳು, ಮುಗಿಯಿತು, ರೀಸ್ಟಾರ್ಟ್, ಕೆಂಪು ದೀಪ ಮಿಟುಕಿತು, ಉಳಿಯಿತು, ಉಳಿದೇಬಿಟ್ಟಿತು, ನೀಲಿ ಬರಲಿಲ್ಲ, ಬೆಳಿಗ್ಗೆಯಿಂದ ಯಾವ ಯಾವ ದೇವರಿಗೆ ಕೈಮುಗಿದಿದ್ದಳೋ ಅವರೆಲ್ಲ ಈಗ ವರ ಕೊಟ್ಟರು, ಕೊಡಬಾರದಿತ್ತು, ಆ ಮನೆಗಳು ಮೂಡುವ ಮೊದಲೇ ಅವಳ ಬೆರಳು ಪವರ್ ಗುಂಡಿಯನ್ನು ಒತ್ತಿ ಹಿಡಿಯಿತು, ಐದು ಎಣಿಸುವಷ್ಟು ಹೊತ್ತು, ದೀಪ ಆರಿತು. ಬಾಗಿಲಲ್ಲಿ ಡಾಕ್ಟರು, ಚಪ್ಪಲಿ ಬಿಡುತ್ತ, ಏನಮ್ಮ, ಮಾತಾಡಿದ್ರಾ. ಬೆಳಿಗ್ಗೆ ಪ್ಯಾಚ್ ಹಾಕಿದ್ದು, ಕೆಟ್ಟುಹೋದದ್ದು ಎಲ್ಲ ಒಪ್ಪಿಸಿದಳು, ಅದೆಲ್ಲ ನಿಜವೇ. ಅವರು ಕುರ್ಚಿ ಎಳೆದುಕೊಂಡು ಕೇಳಿದರು, ಯಂತ್ರ ಹೋಗ್ಲಿ ಬಿಡಿ, ಬೇರೆ ರೀತೀಲೇನಾದ್ರೂ ತಿಳಿಸಿದ್ರಾ. ಇಲ್ಲ ಡಾಕ್ಟ್ರೇ, ಅಂದಳು, ಏನೂ ತಿಳಿಸ್ಲಿಲ್ಲ. ಕಿವಿ ಕೇಳುತ್ತದೆ ಅವನಿಗೆ, ಎಲ್ಲ ಕೇಳುತ್ತದೆ, ಕಣ್ಣು ಮೂಲೆ ಬಿಟ್ಟು ನಿಧಾನಕ್ಕೆ ಅವಳ ಮುಖಕ್ಕೆ ಬಂತು, ನಿಂತಿತು, ಮತ್ತೆ ಹೋಯಿತು, ಕಪ್ಪು ಪರದೆ, ಕೆಳಗೆ, ಬಲಮೂಲೆ, ಮತ್ತೆ ಅವಳ ಮುಖ, ಮತ್ತೆ ಕೆಳಗೆ, ಬಲಮೂಲೆ, ಕೆಳಗೆ, ಬಲಮೂಲೆ —